ನಿಸರ್ಗ ಛಾಯಾಗ್ರಹಣಕ್ಕೆ ಮಿರರ್‌ಲೆಸ್ ಕ್ಯಾಮೆರಾ: ಮೊದಲು ಲೆನ್ಸ್, ಆಮೇಲೆ ಬಾಡಿ

ಹಕ್ಕಿ, ಪ್ರಾಣಿಗಳ ಫೋಟೊ ತೆಗೆಯಲು ಹೊರಡುವ ಹೆಚ್ಚಿನವರು ಮೊದಲು ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಕೊಳ್ಳುತ್ತಾರೆ, ಉಳಿದ ಹಣಕ್ಕೆ ಸಿಕ್ಕಿದ ಲೆನ್ಸ್ ಹಾಕಿಕೊಳ್ಳುತ್ತಾರೆ. ಈ ಕ್ರಮವನ್ನು ತಿರುಗಿಸಬೇಕು. ಒಳ್ಳೆಯ ಟೆಲಿ ಲೆನ್ಸ್ (ದೂರದ್ದನ್ನು ದೊಡ್ಡದಾಗಿ ಹಿಡಿಯುವ ಲೆನ್ಸ್) ಹತ್ತು ಹದಿನೈದು ವರ್ಷ ಕೈಯಲ್ಲಿರುತ್ತದೆ, ಅಷ್ಟರಲ್ಲಿ ಬಾಡಿ ಎರಡು ಮೂರು ಸಲ ಬದಲಾಗಿರುತ್ತದೆ. ಯಾವ ಕಂಪನಿಯ ಮೌಂಟ್ (ಬಾಡಿಯಲ್ಲಿ ಲೆನ್ಸ್ ಕೂರುವ ಜಾಗ) ಹಿಡಿಯಬೇಕು ಎಂಬುದನ್ನೂ ನಿಮಗೆ ಬೇಕಾದ ಲೆನ್ಸೇ ತೀರ್ಮಾನಿಸಲಿ. ಲೆನ್ಸ್ ಆರಿಸಲು ಬೇಕಾದ ಸಂಗತಿಗಳು ಮೂರೇ: ಯಾವ ಜೀವಿ, ಎಷ್ಟು ದೂರ, ಯಾವ ಬೆಳಕು.

ಹೆಜ್ಜೆ 1: ಕಾಗದದ ಮೇಲೆ ಒಂದು ಲೆಕ್ಕ

ಜೀವಿಯ ಉದ್ದವನ್ನು ಲೆನ್ಸಿನ ಫೋಕಲ್ ಲೆಂತ್‌ನಿಂದ ಗುಣಿಸಿ, ದೂರದಿಂದ ಭಾಗಿಸಿ. ಫೋಕಲ್ ಲೆಂತ್ ಎಂದರೆ ಲೆನ್ಸಿನ ಮೇಲೆ ಮಿ.ಮೀ.ನಲ್ಲಿ ಬರೆದಿರುವ ಸಂಖ್ಯೆ. ಎಲ್ಲವೂ ಮಿಲಿಮೀಟರಿನಲ್ಲಿರಲಿ. ಬರುವ ಉತ್ತರವೇ ಸೆನ್ಸರ್ (ಬಾಡಿಯೊಳಗೆ ಬೆಳಕು ಹಿಡಿಯುವ ಫಲಕ) ಮೇಲೆ ಬೀಳುವ ಬಿಂಬದ ಉದ್ದ.

ಗುಬ್ಬಿ ಗಾತ್ರದ ಹಕ್ಕಿಯನ್ನು ತೆಗೆದುಕೊಳ್ಳಿ. ಕೊಕ್ಕಿನಿಂದ ಬಾಲದ ತುದಿಗೆ 15 ಸೆಂ.ಮೀ., ಕೂತಿರುವುದು 15 ಮೀಟರ್ ದೂರದಲ್ಲಿ, ಕೈಯಲ್ಲಿರುವುದು 600 ಮಿ.ಮೀ. ಲೆನ್ಸ್. 150 × 600 ÷ 15,000 ಎಂದರೆ 6 ಮಿ.ಮೀ. ಫುಲ್‌ಫ್ರೇಮ್ ಎನ್ನುವ ದೊಡ್ಡ ಸೆನ್ಸರಿನ ಅಗಲ 36 ಮಿ.ಮೀ., ಅಂದರೆ ಹಕ್ಕಿ ಚೌಕಟ್ಟಿನ ಆರನೇ ಒಂದು ಭಾಗ ಅಷ್ಟೇ. ಇಷ್ಟು ದುಡ್ಡು ಕೊಟ್ಟ ಲೆನ್ಸಿನಲ್ಲೂ ಹಕ್ಕಿ ಇಷ್ಟು ಚಿಕ್ಕದೇ ಎಂದು ಮೊದಲ ದಿನ ಎಲ್ಲರಿಗೂ ಅನ್ನಿಸುತ್ತದೆ. ಅದಕ್ಕೆ ಕಾರಣ ಈ ಲೆಕ್ಕದಲ್ಲೇ ಇದೆ.

ಆ 6 ಮಿ.ಮೀ. ಬಿಂಬದಲ್ಲಿ ಎಷ್ಟು ಪಿಕ್ಸೆಲ್ ಇವೆ ಎಂಬುದು ಮುಂದಿನ ಪ್ರಶ್ನೆ. 24 ಮೆಗಾಪಿಕ್ಸೆಲ್‌ನ ಫುಲ್‌ಫ್ರೇಮ್ ಬಾಡಿಯಲ್ಲಿ ಅಗಲಕ್ಕೆ 6,000 ಪಿಕ್ಸೆಲ್ ಇರುವುದರಿಂದ ಹಕ್ಕಿಯ ಪಾಲಿಗೆ ಸುಮಾರು 1,000 ಬರುತ್ತವೆ. 45 ಮೆಗಾಪಿಕ್ಸೆಲ್ ಫುಲ್‌ಫ್ರೇಮ್‌ನಲ್ಲಿ ಸುಮಾರು 1,380. ಕ್ಯಾನನ್ ಆರ್7 ಥರದ 32.5 ಮೆಗಾಪಿಕ್ಸೆಲ್ ಎಪಿಎಸ್-ಸಿ (ಫುಲ್‌ಫ್ರೇಮ್‌ಗಿಂತ ಚಿಕ್ಕ ಸೆನ್ಸರ್) ಬಾಡಿಯಲ್ಲಿ ಸುಮಾರು 1,870. 20 ಮೆಗಾಪಿಕ್ಸೆಲ್ ಮೈಕ್ರೊ ಫೋರ್ ಥರ್ಡ್ಸ್ (ಇನ್ನೂ ಚಿಕ್ಕ ಸೆನ್ಸರ್) ಬಾಡಿಗೆ ಬರಿ 400 ಮಿ.ಮೀ. ಲೆನ್ಸ್ ಹಾಕಿದರೂ ಸುಮಾರು 1,200 ಸಿಗುತ್ತವೆ. ಅದೇ 400 ಮಿ.ಮೀ. ಲೆನ್ಸನ್ನು 24 ಮೆಗಾಪಿಕ್ಸೆಲ್ ಫುಲ್‌ಫ್ರೇಮ್‌ಗೆ ಹಾಕಿದರೆ 670ರ ಹತ್ತಿರಕ್ಕೆ ಇಳಿಯುತ್ತದೆ. ಮೊಬೈಲಿನಲ್ಲಿ ನೋಡುವ ಚಿತ್ರಕ್ಕೆ ಹಕ್ಕಿಯ ಮೇಲೆ 800ರಿಂದ 1,000 ಪಿಕ್ಸೆಲ್ ಸಾಕು. ಗರಿಯ ಎಳೆ ಎಳೆ ಕಾಣುವಂತೆ ದೊಡ್ಡದಾಗಿ ಮುದ್ರಿಸಬೇಕಾದರೆ 1,500 ದಾಟಬೇಕು.

ಸಣ್ಣ ಸೆನ್ಸರ್ ಹಕ್ಕಿಯನ್ನು ಹತ್ತಿರ ತರುತ್ತದೆ ಎನ್ನುವ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಸೆನ್ಸರ್ ಚಿಕ್ಕದಾದರೆ ಬಿಂಬದ ಸುತ್ತಲಿನ ಅಂಚು ಕತ್ತರಿಸಿಹೋಗುತ್ತದೆಯೇ ಹೊರತು ಬಿಂಬ ದೊಡ್ಡದಾಗುವುದಿಲ್ಲ. ಲಾಭ ಬರುವುದು ಪಿಕ್ಸೆಲ್‌ಗಳು ಒತ್ತಾಗಿರುವುದರಿಂದ. ಆದ್ದರಿಂದ ಎರಡು ಬಾಡಿಗಳನ್ನು ಹೋಲಿಸುವಾಗ ಒಂದು ಮಿಲಿಮೀಟರಿಗೆ ಎಷ್ಟು ಪಿಕ್ಸೆಲ್ ಎಂದು ನೋಡಿ.

ಜಿಂಕೆಯ ಲೆಕ್ಕ ಬೇರೆ. ಒಂದೂವರೆ ಮೀಟರ್ ಉದ್ದದ ಪ್ರಾಣಿ 40 ಮೀಟರ್ ದೂರದಲ್ಲಿದ್ದರೆ 400 ಮಿ.ಮೀ. ಲೆನ್ಸಿನಲ್ಲೇ 15 ಮಿ.ಮೀ. ಬಿಂಬ ಬರುತ್ತದೆ, ಚೌಕಟ್ಟಿನ ಅರ್ಧದ ಹತ್ತಿರ. 3 ಮೀಟರ್ ಎತ್ತರದ ಆನೆ 30 ಮೀಟರ್‌ನಲ್ಲಿ ನಿಂತರೆ 600 ಮಿ.ಮೀ.ನಲ್ಲಿ ಚೌಕಟ್ಟಿನೊಳಗೇ ಹಿಡಿಸುವುದಿಲ್ಲ. ದೊಡ್ಡ ಪ್ರಾಣಿಗಳೇ ಮುಖ್ಯವಾದರೆ 100-400 ಅಥವಾ 100-500 ಝೂಮ್ ಸಾಕು, ಅದೇ ಹೆಚ್ಚು ಅನುಕೂಲ ಕೂಡ. ಸಣ್ಣ ಹಕ್ಕಿಗಳೇ ಮುಖ್ಯವಾದರೆ 600ಕ್ಕಿಂತ ಕಡಿಮೆ ಇದ್ದಷ್ಟೂ ಕತ್ತರಿಸುವ ಕೆಲಸ ಜಾಸ್ತಿ.

ಒಂದು ಎಚ್ಚರಿಕೆ. 60-70 ಮೀಟರ್ ಆಚೆಗೆ, ಬಿಸಿಲೇರಿದ ಮೇಲೆ, ನೆಲದಿಂದ ಏಳುವ ಝಳದಲ್ಲಿ ಗಾಳಿಯೇ ನಡುಗುತ್ತಿರುತ್ತದೆ. ಆಗ 800 ಮಿ.ಮೀ. ಲೆನ್ಸೂ ಒಂದೇ, 400 ಮಿ.ಮೀ. ಲೆನ್ಸೂ ಒಂದೇ: ಗರಿಗಳೆಲ್ಲ ಕಲಸಿಹೋದಂತೆ ಕಾಣುತ್ತವೆ. ಲೆನ್ಸ್ ಕೆಟ್ಟಿದೆ ಎಂದು ಸರ್ವಿಸ್‌ಗೆ ಕೊಡುವ ಮುಂಚೆ ಬೆಳಗಿನ ತಂಪಿನಲ್ಲಿ, 10 ಮೀಟರ್ ದೂರದ ವಸ್ತುವಿನ ಮೇಲೆ ಒಮ್ಮೆ ಪರೀಕ್ಷಿಸಿ. ಬಿಸಿಯಾದ ಕಾರಿನೊಳಗಿಂದ ಹೊರಗಿನ ತಂಪು ಗಾಳಿಗೆ ಲೆನ್ಸ್ ಚಾಚಿದಾಗಲೂ ಇದೇ ತೊಂದರೆ ಆಗುತ್ತದೆ.

ಹೆಜ್ಜೆ 2: ಬೆಳಕಿನ ಲೆಕ್ಕ

ಲೆನ್ಸಿನ ಮೇಲೆ ಬರೆದಿರುವ ಎಫ್ ಸಂಖ್ಯೆಯಷ್ಟನ್ನೇ ನೋಡಿ ತೀರ್ಮಾನಿಸಬೇಡಿ. ಫೋಕಲ್ ಲೆಂತನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಒಳಬರುವ ಕಿಂಡಿಯ ವ್ಯಾಸ ಸಿಗುತ್ತದೆ. ಅದೇ ಹಕ್ಕಿ, ಅದೇ ದೂರ, ಅದೇ ಶಟರ್ ವೇಗ ಇರುವಾಗ ಹಕ್ಕಿಯಿಂದ ನಿಮ್ಮ ಕ್ಯಾಮೆರಾಗೆ ಒಟ್ಟು ಎಷ್ಟು ಬೆಳಕು ಬಂತು ಎಂಬುದು ಈ ವ್ಯಾಸದಿಂದಲೇ ನಿರ್ಧಾರವಾಗುತ್ತದೆ. ಸೆನ್ಸರ್ ದೊಡ್ಡದೋ ಚಿಕ್ಕದೋ ಎಂಬುದು ಇಲ್ಲಿ ಹೆಚ್ಚು ಕೆಲಸಕ್ಕೆ ಬರುವುದಿಲ್ಲ.

600 ಮಿ.ಮೀ. ಎಫ್/6.3 ಲೆನ್ಸಿನ ಕಿಂಡಿ ಸುಮಾರು 95 ಮಿ.ಮೀ. 500 ಮಿ.ಮೀ. ಎಫ್/7.1ರದ್ದು 70. ಮೈಕ್ರೊ ಫೋರ್ ಥರ್ಡ್ಸ್‌ನ 300 ಮಿ.ಮೀ. ಎಫ್/4ರದ್ದು 75. 600 ಮಿ.ಮೀ. ಎಫ್/11ರದ್ದು 55ಕ್ಕೂ ಸ್ವಲ್ಪ ಕಡಿಮೆ. ಬೆಳಕು ವ್ಯಾಸದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ಹಾಗಾಗಿ 95 ಮಿ.ಮೀ. ಕಿಂಡಿ 70 ಮಿ.ಮೀ.ಗಿಂತ ಹೆಚ್ಚುಕಡಿಮೆ ಎರಡರಷ್ಟು, 55 ಮಿ.ಮೀ.ಗಿಂತ ಮೂರರಷ್ಟು ಬೆಳಕು ತರುತ್ತದೆ. ಎಫ್/4 ಎಂದು ಬರೆದಿದೆಯಲ್ಲ, ಇದು ಎಫ್/6.3ಕ್ಕಿಂತ ಮೇಲು ಎಂದು 300 ಮಿ.ಮೀ. ಕೊಂಡವರಿಗೆ ಕತ್ತಲ ಕಾಡಿನಲ್ಲಿ ನಿರಾಸೆಯಾಗುವುದು ಇದಕ್ಕೇ.

ಇದನ್ನು ಐಎಸ್‌ಒ ಲೆಕ್ಕದಲ್ಲಿ ನೋಡೋಣ. ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಎಂದು ಹೇಳುವ ಅಂಕಿ ಇದು, ಹೆಚ್ಚಿದಷ್ಟೂ ಚಿತ್ರ ಒರಟಾಗುತ್ತದೆ. ನೇರ ಬಿಸಿಲಿನಲ್ಲಿ ಎಫ್/6.3, ಐಎಸ್‌ಒ 800 ಇಟ್ಟರೆ 1/5000 ಸೆಕೆಂಡಿನ ಹತ್ತಿರದ ವೇಗ ಸಿಗುತ್ತದೆ, ಯಾವ ಲೆನ್ಸಾದರೂ ನಡೆಯುತ್ತದೆ. ಮರದಡಿಯ ದಟ್ಟ ನೆರಳಿನಲ್ಲಿ ಬೆಳಕು ಐದು ಸ್ಟಾಪ್ (ಒಂದು ಸ್ಟಾಪ್ ಎಂದರೆ ಅರ್ಧಕ್ಕೆ ಇಳಿಯುವುದು) ಇಳಿದಿದೆ ಎಂದುಕೊಳ್ಳಿ. ಅಲ್ಲಿ 1/1000 ಬೇಕೆಂದರೆ ಎಫ್/4ರಲ್ಲಿ ಐಎಸ್‌ಒ 2000 ಸಾಕು. ಎಫ್/6.3ರಲ್ಲಿ 5000 ಆಗುತ್ತದೆ. ಎಫ್/11ರಲ್ಲಿ 15,000 ದಾಟುತ್ತದೆ. ಬಯಲು, ಕೆರೆದಂಡೆ, ಹುಲ್ಲುಗಾವಲುಗಳಲ್ಲಿ ಓಡಾಡುವವರಿಗೆ ಎಫ್/9, ಎಫ್/11 ಲೆನ್ಸ್‌ಗಳು ನಿಜಕ್ಕೂ ಒಳ್ಳೆಯ ಆಯ್ಕೆ. ಒತ್ತು ಕಾಡಿನ ಒಳಗೆ ಓಡಾಡುವವರು ಅವುಗಳಿಂದ ದೂರ ಇರಬೇಕು.

ಇಮೇಜ್ ಸ್ಟೆಬಿಲೈಸೇಶನ್ ಐದು ಸ್ಟಾಪ್, ಏಳು ಸ್ಟಾಪ್ ಎಂದು ಬರೆದಿರುವುದನ್ನು ಬೆಳಕಿಗೆ ಬದಲಿ ಎಂದು ತಿಳಿಯಬೇಡಿ. ಅದು ನಿಮ್ಮ ಕೈನಡುಕ ತಡೆಯುತ್ತದೆ, ಹಕ್ಕಿ ತಲೆ ತಿರುಗಿಸುವುದನ್ನು ತಡೆಯುವುದಿಲ್ಲ. ಸುಮ್ಮನೆ ಕೂತ ಹಕ್ಕಿಗೆ 1/250ರಿಂದ 1/500, ಆಹಾರ ಹುಡುಕುತ್ತ ಕುಪ್ಪಳಿಸುವ ಹಕ್ಕಿಗೆ 1/1000, ಹಾರುವ ಹಕ್ಕಿಗೆ 1/2000ರಿಂದ 1/3200 ಬೇಕೇ ಬೇಕು.

ಹೆಜ್ಜೆ 3: ಲೆನ್ಸ್

ಇಂದು ಸಿಗುವ ಟೆಲಿ ಲೆನ್ಸ್‌ಗಳಲ್ಲಿ ಮೊದಲು ನೋಡಬೇಕಾದದ್ದು 600 ಮಿ.ಮೀ.ವರೆಗಿನ ಝೂಮ್‌ಗಳನ್ನು. ಸೋನಿ 200-600 ಎಫ್/5.6-6.3 ಬಂದದ್ದು 2019ರಲ್ಲಿ, ತೂಕ 2,115 ಗ್ರಾಂ. ನಿಕಾನ್ ಝಡ್ 180-600 ಎಫ್/5.6-6.3 ಬಂದದ್ದು 2023ರಲ್ಲಿ, ಕಾಲರ್ (ಟ್ರೈಪಾಡಿಗೆ ಕೂರಿಸುವ ಬಳೆ) ಸೇರಿ 2,140 ಗ್ರಾಂ. ಎರಡರಲ್ಲೂ ಝೂಮ್ ಒಳಗೊಳಗೇ ಆಗುತ್ತದೆ, ಲೆನ್ಸ್ ಉದ್ದ ಬದಲಾಗುವುದಿಲ್ಲ. ಇದರ ಬೆಲೆ ಗೊತ್ತಾಗುವುದು ಮಾನೊಪಾಡ್ (ಒಂಟಿಕಾಲಿನ ಆಸರೆ) ಮೇಲೆ ಇಟ್ಟಾಗ: ತೂಕ ಮುಂದಕ್ಕೆ ವಾಲುವುದಿಲ್ಲ. ಕಾಲು ಸುತ್ತಿಗೂ ಕಡಿಮೆ ತಿರುಗಿಸಿದರೆ ಇತ್ತಕಡೆಯಿಂದ ಅತ್ತಕಡೆಗೆ ಹೋಗಬಹುದು. 200ರಲ್ಲಿ ಹಕ್ಕಿಯನ್ನು ಹುಡುಕಿ 600ಕ್ಕೆ ಹೋಗುವುದು ಒಂದೇ ಚಲನೆಯ ಕೆಲಸ. ಮೊದಲ ಗಂಭೀರ ಹಕ್ಕಿ ಲೆನ್ಸ್ ಯಾವುದು ಎಂದು ಕೇಳಿದರೆ ನಮ್ಮ ಉತ್ತರ ಈ ಬಗೆಯದ್ದೇ.

ಕ್ಯಾನನ್ ದಾರಿ ಬೇರೆ. ಆರ್‌ಎಫ್ 100-500 ಎಫ್/4.5-7.1 ಕಾಲರ್ ಇಲ್ಲದೆ 1,365 ಗ್ರಾಂ ಮಾತ್ರ. ಇಡೀ ದಿನ ನಡೆಯುವವರಿಗೆ ಇದಕ್ಕಿಂತ ಹಿತವಾದ ಲೆನ್ಸ್ ಕಡಿಮೆ. 500 ಮಿ.ಮೀ.ನಲ್ಲಿ 1.2 ಮೀಟರ್‌ವರೆಗೆ ಫೋಕಸ್ ಆಗುವುದರಿಂದ ಚಿಟ್ಟೆ, ಏರೋಪ್ಲೇನ್ ಚಿಟ್ಟೆ, ಓತಿಕ್ಯಾತಗಳನ್ನೂ ಚೆನ್ನಾಗಿ ತೆಗೆಯಬಹುದು. ಒಂದು ಕೊರತೆ ಇದೆ: ಎಕ್ಸ್‌ಟೆಂಡರ್ (ಫೋಕಲ್ ಲೆಂತ್ ಹೆಚ್ಚಿಸಲು ಲೆನ್ಸಿಗೂ ಬಾಡಿಗೂ ನಡುವೆ ಹಾಕುವ ತುಂಡು, ಟೆಲಿಕನ್ವರ್ಟರ್ ಎಂದೂ ಹೆಸರು) ಹಾಕಿದರೆ 300 ಮಿ.ಮೀ.ಗಿಂತ ಕೆಳಕ್ಕೆ ಝೂಮ್ ಮಡಚುವುದಿಲ್ಲ, ಬ್ಯಾಗಿನಲ್ಲಿ ಹಾಗೆಯೇ ಇಡಲು ಕಷ್ಟ. 200-800 ಎಫ್/6.3-9 ದೂರದ ನೀರುಹಕ್ಕಿಗಳಿಗೆ ಹೇಳಿಮಾಡಿಸಿದ್ದು. ಅಗ್ಗದ 600 ಮತ್ತು 800 ಎಫ್/11 ಲೆನ್ಸ್‌ಗಳು ಹಗುರ, ಆದರೆ 600 ಮಿ.ಮೀ. ಲೆನ್ಸ್ 4.5 ಮೀಟರ್‌ಗಿಂತ ಹತ್ತಿರ, 800 ಮಿ.ಮೀ. ಲೆನ್ಸ್ 6 ಮೀಟರ್‌ಗಿಂತ ಹತ್ತಿರ ಫೋಕಸ್ ಆಗುವುದಿಲ್ಲ.

ಹಾರುವ ಹಕ್ಕಿಗಳನ್ನು ಕೈಯಲ್ಲೇ ಹಿಡಿದು ತೆಗೆಯಬೇಕೆಂದರೆ ಹಗುರ ಪ್ರೈಮ್‌ಗಳನ್ನು (ಝೂಮ್ ಇಲ್ಲದ ಲೆನ್ಸುಗಳನ್ನು) ನೋಡಿ. ನಿಕಾನ್ ಝಡ್ 600 ಎಫ್/6.3 ಕಾಲರ್ ಸೇರಿ 1,470 ಗ್ರಾಂ. ಸಿಗ್ಮಾ 500 ಎಫ್/5.6 ಸುಮಾರು 1,370 ಗ್ರಾಂ, ಸೋನಿ ಇ ಮತ್ತು ಎಲ್ ಮೌಂಟ್‌ಗಳಿಗೆ ಸಿಗುತ್ತದೆ. ಬೇರೆ ಕಂಪನಿಯ ಲೆನ್ಸನ್ನು ಸೋನಿ ಬಾಡಿಗೆ ಹಾಕುವವರು ಒಂದು ಮಾತು ತಿಳಿದಿರಬೇಕು: ಸೆಕೆಂಡಿಗೆ 15 ಫ್ರೇಮ್‌ಗಿಂತ ಹೆಚ್ಚು ವೇಗ ಸಿಗುವುದಿಲ್ಲ, ಟೆಲಿಕನ್ವರ್ಟರ್ ಹಾಕುವ ದಾರಿಯೂ ಇಲ್ಲ.

ಟೆಲಿಕನ್ವರ್ಟರನ್ನು ಲೆನ್ಸಿನ ಜೊತೆಗೇ ಕೊಳ್ಳಬೇಡಿ. 1.4 ಪಟ್ಟಿನದು ಒಂದು ಸ್ಟಾಪ್ ಬೆಳಕು ತಿನ್ನುತ್ತದೆ, 600 ಎಫ್/6.3 ಲೆನ್ಸ್ 840 ಎಫ್/9 ಆಗುತ್ತದೆ. 2 ಪಟ್ಟಿನದು ಎರಡು ಸ್ಟಾಪ್ ತಿಂದು 1,200 ಎಫ್/13ಕ್ಕೆ ತರುತ್ತದೆ. ಒತ್ತು ಪಿಕ್ಸೆಲ್‌ಗಳ ಬಾಡಿಯಲ್ಲಿ ಎಫ್/13 ಎಂದರೆ ಡಿಫ್ರಾಕ್ಷನ್‌ನಿಂದ (ಚಿಕ್ಕ ಕಿಂಡಿಯಲ್ಲಿ ಬೆಳಕು ಹರಡುವುದರಿಂದ) ಚಿತ್ರ ಮಂಕಾಗುತ್ತದೆ. ಬಿಂಬ ದೊಡ್ಡದಾದರೂ ವಿವರ ಹೆಚ್ಚುವುದಿಲ್ಲ.

ಹಳೆಯ ಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಲೆನ್ಸ್ ಮನೆಯಲ್ಲಿದ್ದರೆ ಅದನ್ನು ಮಾರಲು ಅವಸರ ಬೇಡ. ಕ್ಯಾನನ್ ಇಎಫ್ ಲೆನ್ಸ್‌ಗಳು ಅಡಾಪ್ಟರ್ ಮೂಲಕ ಆರ್ ಸರಣಿಯ ಬಾಡಿಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ನಿಕಾನ್ 200-500 ಎಫ್/5.6 ಲೆನ್ಸ್ ಎಫ್‌ಟಿಝಡ್ ಅಡಾಪ್ಟರ್ ಮೇಲೆ ಆಟೊಫೋಕಸ್ ಮಾಡುತ್ತದೆ. ಒಳಗೆ ಮೋಟರ್ ಇಲ್ಲದ ಎಎಫ್-ಡಿ ಲೆನ್ಸ್‌ಗಳು ಮಾತ್ರ ಆ ಅಡಾಪ್ಟರ್ ಮೇಲೆ ಕೈಯಲ್ಲೇ ಫೋಕಸ್ ಮಾಡುವಂಥವು, ಏಕೆಂದರೆ ಅಡಾಪ್ಟರಿನಲ್ಲೂ ಮೋಟರ್ ಇಲ್ಲ.

ಹೆಜ್ಜೆ 4: ಬಾಡಿ

ಲೆನ್ಸ್ ಗೊತ್ತಾದ ಮೇಲೆ ಮೌಂಟ್ ಗೊತ್ತಾಯಿತು. ಇನ್ನು ಬಾಡಿಯಲ್ಲಿ ಮೆಗಾಪಿಕ್ಸೆಲ್‌ಗಿಂತ ಮೊದಲು ನೋಡಬೇಕಾದದ್ದು ಸೆನ್ಸರ್ ತನ್ನ ಸಾಲುಗಳನ್ನು ಎಷ್ಟು ಬೇಗ ಓದಿ ಮುಗಿಸುತ್ತದೆ ಎಂಬುದನ್ನು. ಎಲೆಕ್ಟ್ರಾನಿಕ್ ಶಟರಿನಲ್ಲಿ ಸೆನ್ಸರ್ ಮೇಲಿಂದ ಕೆಳಕ್ಕೆ ಸಾಲುಸಾಲಾಗಿ ಓದಿಕೊಳ್ಳುತ್ತದೆ. ಸಾಮಾನ್ಯ ಸೆನ್ಸರಿಗೆ ಇದಕ್ಕೆ ಹೆಚ್ಚಾಗಿ 1/15ರಿಂದ 1/60 ಸೆಕೆಂಡ್ ಹಿಡಿಯುತ್ತದೆ. ನೀವು ಶಟರ್ ವೇಗ 1/3200 ಇಟ್ಟಿದ್ದರೂ ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ನಡುವೆ ಅಷ್ಟು ಹೊತ್ತು ಕಳೆದಿರುತ್ತದೆ. ಅಷ್ಟರಲ್ಲಿ ರೆಕ್ಕೆ ಮುಂದಕ್ಕೆ ಹೋಗಿರುತ್ತದೆ. ಫೋಟೊದಲ್ಲಿ ರೆಕ್ಕೆ ಬಾಳೆಹಣ್ಣಿನಂತೆ ಬಾಗಿ ಕಾಣುತ್ತದೆ, ಹಿಂದಿನ ಕಂಬ ಓರೆಯಾಗುತ್ತದೆ. ಇದನ್ನು ಯಾವ ಸಾಫ್ಟ್‌ವೇರೂ ಸರಿಯಾಗಿ ತಿದ್ದಲಾರದು.

ಸರ್ಕ್ಯೂಟನ್ನು ಕೆಳಪದರದಲ್ಲಿ ಜೋಡಿಸಿದ ಸ್ಟ್ಯಾಕ್ಡ್ ಸೆನ್ಸರ್‌ಗಳು ಈ ಕೆಲಸವನ್ನು ಹಲವು ಪಟ್ಟು ಬೇಗ ಮುಗಿಸುತ್ತವೆ. ಸೋನಿ ಎ1, ನಿಕಾನ್ ಝಡ್9 ಮತ್ತು ಝಡ್8, ಕ್ಯಾನನ್ ಆರ್3 ಮತ್ತು ಆರ್5 ಮಾರ್ಕ್ 2, ಎಪಿಎಸ್-ಸಿಯಲ್ಲಿ ಫ್ಯೂಜಿಫಿಲ್ಮ್ ಎಕ್ಸ್-ಎಚ್2ಎಸ್, ಮೈಕ್ರೊ ಫೋರ್ ಥರ್ಡ್ಸ್‌ನಲ್ಲಿ ಓಎಂ-1 ಈ ಗುಂಪಿನವು. ಝಡ್9, ಝಡ್8ರಲ್ಲಿ ಪರದೆ ಸರಿಯುವ ಮೆಕ್ಯಾನಿಕಲ್ ಶಟರೇ ಇಲ್ಲ, ಅದರ ಅಗತ್ಯವೇ ಬೀಳುವುದಿಲ್ಲ. ಸೋನಿ ಎ9 3ರದ್ದು ಗ್ಲೋಬಲ್ ಶಟರ್, ಎಲ್ಲ ಸಾಲುಗಳನ್ನೂ ಒಂದೇ ಕ್ಷಣದಲ್ಲಿ ಹಿಡಿಯುತ್ತದೆ.

ಸ್ಟ್ಯಾಕ್ಡ್ ಬಾಡಿಗೆ ಹಣ ಸಾಲದಿದ್ದರೆ ಹಿಂಜರಿಯಬೇಡಿ. ಆರ್7ನಂಥ ಬಾಡಿ ಮೆಕ್ಯಾನಿಕಲ್ ಶಟರಿನಲ್ಲೇ ಸೆಕೆಂಡಿಗೆ 15 ಫ್ರೇಮ್ ಕೊಡುತ್ತದೆ. ಹಾರುವ ಹಕ್ಕಿಗೆ ಮೆಕ್ಯಾನಿಕಲ್, ಗೂಡಿನ ಹತ್ತಿರದ ಅಥವಾ ಅಂಜುಬುರುಕ ಪ್ರಾಣಿಗೆ ಸದ್ದಿಲ್ಲದ ಎಲೆಕ್ಟ್ರಾನಿಕ್ ಎಂದು ಹಂಚಿಕೊಂಡರೆ ಆಯಿತು. ಅಂಗಡಿಯಲ್ಲಿ ಪರೀಕ್ಷೆಯೂ ಸುಲಭ: ಎಲೆಕ್ಟ್ರಾನಿಕ್ ಶಟರ್ ಹಾಕಿ, ಬಾಗಿಲ ಚೌಕಟ್ಟಿನ ಮೇಲೆ ಕ್ಯಾಮೆರಾವನ್ನು ಎಡದಿಂದ ಬಲಕ್ಕೆ ಬೀಸುತ್ತ ಒಂದು ಸರಣಿ ಕ್ಲಿಕ್ಕಿಸಿ. ನೇರ ಚೌಕಟ್ಟು ಎಷ್ಟು ಓರೆಯಾಯಿತೋ ರೆಕ್ಕೆಯೂ ಅಷ್ಟೇ ಸೊಟ್ಟಗಾಗುತ್ತದೆ.

ಆಟೊಫೋಕಸ್ ಹಕ್ಕಿಯ ಕಣ್ಣನ್ನು ಗುರುತಿಸುತ್ತದೆ ಎಂಬುದು ಈಗ ಬಹುಪಾಲು ಹೊಸ ಬಾಡಿಗಳಲ್ಲಿದೆ. ತೊಡಕು ಬರುವುದು ಹಕ್ಕಿ ಕೊಂಬೆಗಳ ನಡುವೆ ಇದ್ದಾಗ. ಲೆನ್ಸ್ ಪೂರ್ತಿ ಫೋಕಸ್ ತಪ್ಪಿದ್ದರೆ ಕ್ಯಾಮೆರಾಗೆ ಕಾಣುವುದು ಬರಿ ಮಬ್ಬು, ಅದರಲ್ಲಿ ಹಕ್ಕಿಯನ್ನು ಗುರುತಿಸುವುದಾದರೂ ಹೇಗೆ? ಅದು ಹಿಂದಿನ ಎಲೆಗಳಿಗೆ ಹೋಗಿ ಅಂಟಿಕೊಳ್ಳುತ್ತದೆ. ಪರಿಹಾರವೆಂದರೆ ಹಕ್ಕಿಯಷ್ಟೇ ದೂರದ ಇನ್ನೊಂದು ಕೊಂಬೆಗೆ ಮೊದಲು ಫೋಕಸ್ ಮಾಡಿ, ಆಮೇಲೆ ಹಕ್ಕಿಯ ಕಡೆ ತಿರುಗುವುದು. ಆದ್ದರಿಂದ ಬಾಡಿ ನೋಡುವಾಗ ಕೇಳಬೇಕಾದ ಪ್ರಶ್ನೆ: ಒಂದು ಬಟನ್‌ಗೆ ಪೂರ್ತಿ ಚೌಕಟ್ಟಿನ ಕಣ್ಣುಪತ್ತೆ, ಇನ್ನೊಂದಕ್ಕೆ ನಡುವಿನ ಚಿಕ್ಕ ಚುಕ್ಕಿ ಎಂದು ಬೇರೆ ಬೇರೆಯಾಗಿ ಕೊಡಲು ಬರುತ್ತದೆಯೇ? ಬರುತ್ತದೆ ಎಂದರೆ ಕೊಂಬೆಗಳ ನಡುವಿನ ಅರ್ಧ ಸಮಸ್ಯೆ ಮುಗಿಯಿತು.

ಪ್ರಿ-ಕ್ಯಾಪ್ಚರ್ ಇದ್ದರೆ ಮಿಂಚುಳ್ಳಿ ಕೊಂಬೆ ಬಿಟ್ಟು ನೀರಿಗೆ ಧುಮುಕಿದ ಮೇಲೆ ಬಟನ್ ಒತ್ತಿದರೂ ಅದಕ್ಕೆ ಅರ್ಧ ಸೆಕೆಂಡ್ ಹಿಂದಿನ ಚಿತ್ರಗಳು ಸಿಗುತ್ತವೆ. ಆದರೆ ವಿವರ ಓದಿಕೊಳ್ಳಿ: ಓಎಂ-1 ಮತ್ತು ಎ9 3 ಇದನ್ನು ರಾ ಕಡತವಾಗಿ (ಸೆನ್ಸರಿನ ಮೂಲ ಮಾಹಿತಿ) ಕೊಡುತ್ತವೆ, ಝಡ್9 ಮತ್ತು ಝಡ್8 ಜೆಪೆಗ್ ಆಗಿ ಮಾತ್ರ.

ಬಫರ್ (ಕಾರ್ಡಿಗೆ ಹೋಗುವ ಮುಂಚೆ ಚಿತ್ರಗಳು ನಿಲ್ಲುವ ಜಾಗ) ಮತ್ತು ಕಾರ್ಡ್ ವಿಷಯದಲ್ಲಿ ಮೋಸಹೋಗುವುದು ಸುಲಭ. 45 ಮೆಗಾಪಿಕ್ಸೆಲ್‌ನ ರಾ ಕಡತ ಸುಮಾರು 50 ಎಂಬಿ ಎಂದುಕೊಂಡರೆ, ಸೆಕೆಂಡಿಗೆ 20 ಫ್ರೇಮ್‌ಗೆ 1 ಜಿಬಿ ಆಯಿತು. ವಿ90 ಗುರುತಿನ ಎಸ್‌ಡಿ ಕಾರ್ಡ್ ಖಾತರಿ ಕೊಡುವುದು ಸೆಕೆಂಡಿಗೆ 90 ಎಂಬಿಗೆ, ವಿ60 ಕಾರ್ಡ್ 60 ಎಂಬಿಗೆ. ವೇಗದ ಬಾಡಿಗೆ ನಿಧಾನದ ಕಾರ್ಡ್ ಹಾಕಿದರೆ ಒಂದೆರಡು ಸೆಕೆಂಡಿಗೆ ಕ್ಯಾಮೆರಾ ನಿಂತುಬಿಡುತ್ತದೆ, ಹಕ್ಕಿ ಮೀನು ಹಿಡಿಯುವುದು ಸರಿಯಾಗಿ ಆ ಹೊತ್ತಿಗೇ. ಎಸ್‌ಡಿಗಿಂತ ವೇಗದ ಸಿಎಫ್‌ಎಕ್ಸ್‌ಪ್ರೆಸ್ ಕಾರ್ಡಿನ ಮೇಲೆ ದೊಡ್ಡದಾಗಿ ಬರೆದಿರುವುದು ಹೆಚ್ಚಾಗಿ ಓದುವ ವೇಗ. ನೀವು ಹುಡುಕಬೇಕಾದದ್ದು ಸತತ ಬರೆಯುವ ವೇಗವನ್ನು.

ವ್ಯೂಫೈಂಡರ್, ಬ್ಯಾಟರಿ, ಮಳೆ ತಡೆಯುವ ಸೀಲ್‌ಗಳ ಬಗ್ಗೆ ಚುಟುಕಾಗಿ: ವ್ಯೂಫೈಂಡರ್ 120 ಹರ್ಟ್ಸ್ ಇದ್ದರೆ ಹಾರುವ ಹಕ್ಕಿ ತಪ್ಪುವುದು ಕಡಿಮೆ, ಬ್ಯಾಟರಿ ಎರಡು ಹೆಚ್ಚುವರಿ ಇರಲಿ, ಲೆನ್ಸ್ ಮೌಂಟಿನ ಸುತ್ತ ರಬ್ಬರ್ ಅಂಚು ಇದೆಯೇ ನೋಡಿ.

ಹೆಜ್ಜೆ 5: ಕೈಗೆತ್ತಿಕೊಂಡು ನೋಡುವುದು

ಲೆನ್ಸ್ ಹಾಕಿದ ಬಾಡಿಯನ್ನು ಕಣ್ಣಿಗಿಟ್ಟು ಎರಡು ನಿಮಿಷ ಹಾಗೆಯೇ ಹಿಡಿದುಕೊಳ್ಳಿ. ಎಡಗೈ ಕಾಲರಿನ ಕಾಲಿನ ಕೆಳಗಿರಲಿ, ಮೊಣಕೈ ಪಕ್ಕೆಗೆ ಒತ್ತಿರಲಿ. 200-600 ಮತ್ತು ಬಾಡಿ ಸೇರಿ 2.8 ಕಿಲೋ ಆಸುಪಾಸು. ಒಂದನೇ ನಿಮಿಷಕ್ಕೇ ಕೈ ನಡುಗಿದರೆ ಮಾನೊಪಾಡ್ ಲೆಕ್ಕ ಸೇರಿಸಿ, ಇಲ್ಲವೇ ಹಗುರ ಲೆನ್ಸಿಗೆ ಇಳಿಯಿರಿ. ಭಾರವೆಂದು ಮನೆಯಲ್ಲೇ ಉಳಿಯುವ ಲೆನ್ಸಿಗಿಂತ 100-400 ಲೇಸು.

ಸೆಕೆಂಡ್ ಹ್ಯಾಂಡ್ ಲೆನ್ಸ್ ಆದರೆ ಎರಡೂ ಕ್ಯಾಪ್ ತೆಗೆದು, ಅಪರ್ಚರ್ (ಬೆಳಕಿನ ಕಿಂಡಿ) ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಓರೆಯಾಗಿ ಬಿಟ್ಟು ಮುಂದಿನಿಂದ ನೋಡಿ. ನಾಲ್ಕು ಧೂಳಿನ ಕಣ ಇದ್ದರೆ ಚಿಂತೆಯಿಲ್ಲ. ಅಂಚಿನಿಂದ ಒಳಕ್ಕೆ ಜೇಡರ ಬಲೆಯಂತೆ ಎಳೆಗಳು ಹಬ್ಬಿದ್ದರೆ ಅದು ಫಂಗಸ್, ಬಿಟ್ಟುಬಿಡಿ. ಇಡೀ ಗಾಜು ಹಾಲಿನಂತೆ ಮಂಜಾಗಿದ್ದರೂ ಬೇಡ. ಮೌಂಟಿನ ಸ್ಕ್ರೂ ತಲೆಗಳು ಕೆತ್ತಿಹೋಗಿದ್ದರೆ ಲೆನ್ಸನ್ನು ಯಾರೋ ಬಿಚ್ಚಿದ್ದಾರೆ ಎಂದರ್ಥ. ಕೈಯಲ್ಲಿ ಅಲ್ಲಾಡಿಸಿದಾಗ ಒಳಗೆ ಲೊಟಲೊಟ ಸದ್ದು ಬರುವುದು ಕೆಲವು ಲೆನ್ಸ್‌ಗಳಲ್ಲಿ ಸಹಜ. ಬಾಡಿಗೆ ಹಾಕಿ ಆನ್ ಮಾಡಿದಾಗ ಅದು ನಿಲ್ಲಬೇಕು.

ಹೆಜ್ಜೆ 6: ವಾಪಸ್ ಕೊಡುವ ಅವಧಿ ಮುಗಿಯುವ ಮುಂಚೆ

ಮನೆಗೆ ತಂದ ಮೊದಲ ವಾರವೇ ಈ ಪರೀಕ್ಷೆ ಮಾಡಿ. ಬೆಳಗಿನ ತಂಪಿನಲ್ಲಿ, ಗಟ್ಟಿ ಟ್ರೈಪಾಡಿನ ಮೇಲೆ, 10 ಮೀಟರ್ ದೂರದ ಗೋಡೆಗೆ ಸಣ್ಣ ಅಕ್ಷರಗಳ ದಿನಪತ್ರಿಕೆಯ ಪುಟ ಅಂಟಿಸಿ, ಚೌಕಟ್ಟಿನ ನಡುವೆ ಬರುವಂತೆ ಇಡಿ. ಅಪರ್ಚರ್ ಪೂರ್ತಿ ತೆರೆದು, ಶಟರ್ 1/1000, ಸ್ಟೆಬಿಲೈಸೇಶನ್ ಆಫ್, ಎರಡು ಸೆಕೆಂಡಿನ ಟೈಮರ್. ಪ್ರತಿ ಸಲ ಫೋಕಸ್ ರಿಂಗನ್ನು ಹತ್ತಿರದ ತುದಿಗೋ ದೂರದ ತುದಿಗೋ ತಿರುಗಿಸಿ ಕೆಡಿಸಿ, ಮತ್ತೆ ಆಟೊಫೋಕಸ್ ಮಾಡಿಸಿ. ಹೀಗೆ ಹತ್ತು ಚಿತ್ರ. ಝೂಮ್ ಆದರೆ ಎರಡೂ ತುದಿಗಳಲ್ಲಿ ಹತ್ತು ಹತ್ತು.

ಕಂಪ್ಯೂಟರಿನಲ್ಲಿ 100 ಪ್ರತಿಶತಕ್ಕೆ ಹಿಗ್ಗಿಸಿ ಓದಿ. ಹತ್ತರಲ್ಲಿ ಎಂಟಾದರೂ ಒಂದೇ ಸಮ ಚುರುಕಾಗಿರಬೇಕು. ನಾಲ್ಕು ಚುರುಕು, ಆರು ಮಂಕು ಎಂದರೆ ಫೋಕಸ್ ಮೋಟರಿನ ಅಥವಾ ಬಾಡಿಯ ತೊಂದರೆ. ಹತ್ತೂ ಒಂದೇ ಸಮ ಮಂಕಾಗಿದ್ದರೆ ಮುಂದಿನ ಯುವಿ ಫಿಲ್ಟರ್ ತೆಗೆದು ಮತ್ತೆ ತೆಗೆಯಿರಿ. ಅಗ್ಗದ 95 ಮಿ.ಮೀ. ಫಿಲ್ಟರ್ ಒಳ್ಳೆಯ ಲೆನ್ಸನ್ನು ಹಾಳುಗೆಡವಿರುವ ಸಾಧ್ಯತೆ ಸಾಕಷ್ಟಿದೆ. ಆಮೇಲೆ ಪತ್ರಿಕೆಯನ್ನು ಚೌಕಟ್ಟಿನ ಎಡ ಅಂಚಿಗೆ, ಬಲ ಅಂಚಿಗೆ ತಂದು ಆಯಾ ಜಾಗದಲ್ಲೇ ಫೋಕಸ್ ಮಾಡಿ ಒಂದೊಂದು ಚಿತ್ರ ತೆಗೆಯಿರಿ. ಒಂದು ಅಂಚು ಚುರುಕು, ಇನ್ನೊಂದು ಎದ್ದು ಕಾಣುವಷ್ಟು ಮಂಕು ಎಂದರೆ ಒಳಗಿನ ಗಾಜು ಕೇಂದ್ರ ತಪ್ಪಿ ಕೂತಿದೆ. ಅಂಥ ಲೆನ್ಸನ್ನು ರಿಪೇರಿಗೆ ಕೊಡುವುದಕ್ಕಿಂತ ಬದಲಿಸಿಕೊಳ್ಳುವುದೇ ಸರಿ. ಆ ಚಿತ್ರಗಳನ್ನು ಅಳಿಸದೆ ಇಟ್ಟುಕೊಳ್ಳಿ, ಅಂಗಡಿಯವರಿಗೆ ತೋರಿಸಲು ಅವೇ ಬೇಕಾಗುತ್ತವೆ.